ಹತ್ತೇ ದಿನದಲ್ಲಿ ತಿಳಿಯಾದ ಮುಖ

'ಅಣ್ಣಾ, ಮೊಡವೆಗೆ ಏನಾದ್ರೂ ಕೊಡಿ. ಮುಖ ಬರೀ ಜಿಡ್ಡು ಜಿಡ್ಡು.'

ಕಾಲೇಜು ಬಿಡುವ ಹೊತ್ತಿಗೆ ನಮ್ಮ ಯಾವ ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪಿನ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಒಳಗಿನಿಂದ ಬೆರಳುದ್ದದ ಒಂದು ಟ್ಯೂಬು ಬರುತ್ತದೆ. ಡಾಕ್ಟರ ಚೀಟಿ ಎಲ್ಲಿ ಎಂದು ಕೇಳುವವರಿಲ್ಲ. ಎಷ್ಟು ದಿನ ಹಚ್ಚಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವವರೂ ಇಲ್ಲ. ಮೂರನೇ ದಿನಕ್ಕೆ ಮೊಡವೆಯ ಕೆಂಪು ಇಳಿಯುತ್ತದೆ. ಹತ್ತನೇ ದಿನಕ್ಕೆ ಮುಖ ತಿಳಿಯಾಗಿ, ಬಣ್ಣವೂ ಕೊಂಚ ತೆರೆದಂತೆ ಕಾಣುತ್ತದೆ. 'ಏನು ಹಚ್ಚಿದೆ ಮಾರಾಯ್ತಿ?' ಎಂದು ಹಾಸ್ಟೆಲಿನ ಗೆಳತಿಯರು ಕೇಳುತ್ತಾರೆ. ಟ್ಯೂಬಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ.

ಎಚ್ಚರಿಕೆ ಹೇಳಬೇಕಾದದ್ದು ಈ ಹತ್ತನೇ ದಿನಕ್ಕೆ. ಮೂರನೇ ತಿಂಗಳಿಗೆ ಹೇಳಿದರೆ ತಡವಾಗಿರುತ್ತದೆ. ಏಕೆಂದರೆ ಜಿಡ್ಡು ಚರ್ಮವನ್ನಾಗಲಿ ಮೊಡವೆಯನ್ನಾಗಲಿ ಹತ್ತು ದಿನದಲ್ಲಿ ತಿಳಿಗೊಳಿಸುವ ಒಳ್ಳೆಯ ಮುಲಾಮು ಇಲ್ಲ. ಅಷ್ಟು ಬೇಗ ಗುಣ ಕಂಡಿತೆಂದರೆ ಟ್ಯೂಬಿನಲ್ಲಿ ಸ್ಟೆರಾಯ್ಡ್ ಇರಬಹುದು ಎಂದು ಮೊದಲು ಅನುಮಾನಿಸಬೇಕು. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್: ಮೂರರಲ್ಲಿ ಒಂದು ಹೆಸರು ಟ್ಯೂಬಿನ ಬೆನ್ನ ಮೇಲೆ ಸಾಸಿವೆಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ಇದ್ದೀತು.

ಸ್ಟೆರಾಯ್ಡ್ ಮುಲಾಮು ವಿಷವಲ್ಲ. ಇಸುಬು, ಸೋರಿಯಾಸಿಸ್‌ನಂಥ ರೋಗಗಳಲ್ಲಿ ಡಾಕ್ಟರು ಅಳೆದು ಬರೆದುಕೊಟ್ಟಾಗ ಅದು ಜೀವ ತಂಪು ಮಾಡುವ ಔಷಧ. ಮುಖದ ಮೊಡವೆಗೆ ಅದನ್ನು ತಿಂಗಳುಗಟ್ಟಲೆ ಬಳಿದುಕೊಂಡಾಗ ಆಗುವುದೇ ಬೇರೆ. ಅದು ಉರಿಯೂತವನ್ನು ಅದುಮುತ್ತದೆ, ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ; ಆದ್ದರಿಂದ ಕೆಂಪು ಮಾಯವಾಗುತ್ತದೆ. ಬಣ್ಣ ತಯಾರಿಸುವ ಕೋಶಗಳ ಕೆಲಸವನ್ನೂ ತಗ್ಗಿಸುತ್ತದೆ. ಆದ್ದರಿಂದ ಮುಖ ಬೆಳ್ಳಗಾದಂತೆ ತೋರುತ್ತದೆ. ಒಳಗೆ ಚರ್ಮ ತೆಳುವಾಗುತ್ತಾ ಹೋಗುತ್ತದೆ. ಬಿಸಿಲಿಗೆ ಹೋದರೆ ಮುಖ ಕೆಂಪೇರಿ ಚುರುಗುಟ್ಟುತ್ತದೆ. ಕೆನ್ನೆಯ ಮೇಲೆ ನೂಲಿನೆಳೆಯಂಥ ರಕ್ತನಾಳಗಳು ಕಾಣತೊಡಗುತ್ತವೆ. ಹೆಣ್ಣುಮಕ್ಕಳ ಕೆನ್ನೆಯಲ್ಲಿ ನವಿರು ಕೂದಲು ದಟ್ಟವಾಗುತ್ತದೆ. ಯಾವ ಮೊಡವೆಗೆಂದು ಹಚ್ಚಲು ಶುರುಮಾಡಿದರೋ ಅದೇ ಮೊಡವೆ ಒಂದೇ ಅಳತೆಯ ಗುಳ್ಳೆಗಳಾಗಿ ಮುಖದ ತುಂಬ ಏಳುತ್ತದೆ. ಹೆದರಿ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಮುಖ ಬೆಂಕಿಯಾಗುತ್ತದೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಹೀಗೆ ಟ್ಯೂಬು ಬಿಡಲಾಗದ ಚಟವಾಗುತ್ತದೆ. ಚರ್ಮತಜ್ಞರು ಈ ಸ್ಥಿತಿಗೆ 'ಸ್ಟೆರಾಯ್ಡ್‌ನಿಂದ ಹಾಳಾದ ಮುಖ' ಎಂದೇ ಹೆಸರಿಟ್ಟಿದ್ದಾರೆ.

ಇದು ಅಲ್ಲೊಬ್ಬರು ಇಲ್ಲೊಬ್ಬರ ಕಥೆಯಲ್ಲ. ದೇಶದ 12 ಕೇಂದ್ರಗಳಲ್ಲಿ ಮುಖದ ತೊಂದರೆಗೆಂದು ಬಂದ 2,926 ರೋಗಿಗಳನ್ನು ಚರ್ಮತಜ್ಞರು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೆರಾಯ್ಡ್ ಹಚ್ಚುತ್ತಿದ್ದರು. ಸುಮಾರು ಕಾಲುಭಾಗ ಮಂದಿ ಹಚ್ಚಿದ್ದು ಮೊಡವೆಗೆ. ಅದಕ್ಕಿಂತ ತುಸು ಹೆಚ್ಚು ಜನ ಬಿಳುಪಿಗೆ ಅಥವಾ ದಿನನಿತ್ಯದ ಕ್ರೀಮಿನಂತೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಹೇಳಿಕೊಟ್ಟವರು ವೈದ್ಯರಲ್ಲ. ಹತ್ತರಲ್ಲಿ ಒಂಬತ್ತು ಜನರ ಮುಖದಲ್ಲಿ ಅದರ ಕೆಡುಕು ಆಗಲೇ ಕಾಣಿಸಿಕೊಂಡಿತ್ತು.

ವೈದ್ಯರ ಕೂಗು ವರ್ಷಗಟ್ಟಲೆ ನಡೆದ ಮೇಲೆ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಅಧಿಸೂಚನೆ ಹೊರಡಿಸಿತು. ಕಾಗದದ ಮೇಲೆ ಬಾಗಿಲು ಮುಚ್ಚಿತು. ಅಂಗಡಿಯ ಕೌಂಟರಿನಲ್ಲಿ ಅದು ಇನ್ನೂ ತೆರೆದೇ ಇದೆ.

ಕಡೆಗಣಿಸಿದರೆ ಏನಾಗುತ್ತದೆಂದು ಊಹಿಸಬೇಕಾಗಿಲ್ಲ. ನಮ್ಮ ಕಣ್ಣೆದುರೇ ಒಂದು ಉದಾಹರಣೆ ಇದೆ. ತೊಡೆಸಂದಿಯ ಹುಳುಕಡ್ಡಿಗೆ ಸ್ಟೆರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಕಲಸಿದ ಮುಲಾಮುಗಳನ್ನು ಈ ದೇಶ ವರ್ಷಗಳ ಕಾಲ ಬೇಕಾಬಿಟ್ಟಿ ಹಚ್ಚಿಕೊಂಡಿತು. ತುರಿಕೆ ನಿಲ್ಲುತ್ತಿತ್ತು, ಕಡ್ಡಿ ಒಳಗೊಳಗೇ ಹರಡುತ್ತಿತ್ತು. ಹಿಂದೆ ಎರಡು ವಾರದಲ್ಲಿ ವಾಸಿಯಾಗುತ್ತಿದ್ದ ಸೋಂಕು ಮನೆಮಂದಿಗೆಲ್ಲ ಅಂಟಿ ತಿಂಗಳಾದರೂ ಬಿಡದಾಯಿತು. ಮಾಮೂಲಿ ಗುಳಿಗೆಗೆ ಬಗ್ಗದ ಆ ಶಿಲೀಂಧ್ರಕ್ಕೆ 2020ರಲ್ಲಿ 'ಟ್ರೈಕೊಫೈಟನ್ ಇಂಡೋಟಿನಿಯೆ' ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರು ಅದರೊಳಗೇ ಸೇರಿಹೋಯಿತು. 2023ರಲ್ಲಿ ಅದು ನ್ಯೂಯಾರ್ಕ್‌ನ ಇಬ್ಬರಲ್ಲಿ ಪತ್ತೆಯಾದಾಗ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತು. ಮೊದಲು ಎಚ್ಚರಿಸಿದವರು ನಮ್ಮವರೇ ಆದ ಚರ್ಮತಜ್ಞರು. ಅವರ ಮಾತು ಕೇಳಲು ನಾವು ತಡಮಾಡಿದೆವು. ಮುಖದ ವಿಷಯದಲ್ಲೂ ಹಾಗಾಗಬಾರದೆಂಬ ಕಳಕಳಿಯಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಕ್ಕಳು ಆ ಟ್ಯೂಬಿನ ಬಳಿಗೆ ಹೋಗುವುದೇಕೆ? ಜಿಡ್ಡು ಎಂದರೆ ಕೊಳೆ ಎಂದು ನಾವೇ ಅವರಿಗೆ ಕಲಿಸಿದ್ದೇವೆ. 'ಮುಖ ಸರಿಯಾಗಿ ತೊಳೆಯಲ್ಲ, ಅದಕ್ಕೇ ಹೀಗೆ' ಎಂದು ಮನೆಯ ಹಿರಿಯರು, 'ನೀಟಾಗಿರು' ಎಂದು ಮೇಷ್ಟ್ರು, ಎಣ್ಣೆ ಹೀರುವ ಫೇಸ್‌ವಾಶಿನ ಜಾಹೀರಾತು ಮೂರನೆಯದು. ಜಿಡ್ಡು ಎಂದರೆ ಕೊಳೆ ಎಂಬ ಮಾತೇ ಸುಳ್ಳು. ಹದಿನಾರರ ಹುಡುಗಿಯೊಬ್ಬಳು ದಿನಕ್ಕೆ ಆರು ಸಲ ಸೋಪು ಹಾಕಿ ಮುಖ ಉಜ್ಜಿಕೊಳ್ಳುತ್ತಿದ್ದರೆ ಅದರ ಹಿಂದೆ ಇರುವುದು ನಾವು ಹುಟ್ಟಿಸಿದ ನಾಚಿಕೆ.

ಜಿಡ್ಡು ಮೈಯ ಸ್ವಂತ ಎಣ್ಣೆ. ಹುಟ್ಟಿದ ಮಗುವಿನ ಮೈಮೇಲೆ ಬೆಣ್ಣೆ ಬಳಿದಂತೆ ಅಂಟಿರುತ್ತದಲ್ಲ, ಆ ಬಿಳಿ ಪದರದಲ್ಲೂ ಇದೇ ಎಣ್ಣೆಯ ಪಾಲಿದೆ. ಅಂಗೈ ಅಂಗಾಲು ಬಿಟ್ಟು ಮೈಯೆಲ್ಲ ಎಣ್ಣೆಯ ಗ್ರಂಥಿಗಳಿವೆ. ಮುಖ ಮತ್ತು ನೆತ್ತಿಯಲ್ಲಿ ಚದರ ಸೆಂಟಿಮೀಟರಿಗೆ 400ರಿಂದ 900ರವರೆಗೂ ಇರುತ್ತವೆ. ಹಣೆ, ಮೂಗು, ಗಲ್ಲ ಮೊದಲು ಮಿನುಗುವುದು ಅದಕ್ಕೇ. ಈ ಎಣ್ಣೆ ಚರ್ಮದ ತೇವ ಆರದಂತೆ ಕಾಯುತ್ತದೆ, ಇ ಜೀವಸತ್ವವನ್ನು ಚರ್ಮದ ಮೇಲಕ್ಕೆ ತಂದು ಹರಡುತ್ತದೆ. ಶೈಶವದಲ್ಲಿ ತುಸು ಕೆಲಸ ಮಾಡಿ ಗ್ರಂಥಿಗಳು ಮಲಗುತ್ತವೆ. ಏಳೆಂಟನೇ ವಯಸ್ಸಿನಿಂದ ಮೆಲ್ಲನೆ ಏಳತೊಡಗಿ ಹರೆಯದಲ್ಲಿ ಮೈದುಂಬಿ ದುಡಿಯುತ್ತವೆ.

ಅವುಗಳಿಗೆ ಅಪ್ಪಣೆ ಕೊಡುವುದು ಹಾರ್ಮೋನು. ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕನ್ ಸಂಶೋಧಕ 1941ರಲ್ಲೇ ಇದನ್ನು ತೋರಿಸಿದ: ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ಮೊಡವೆ ಬರುವುದಿಲ್ಲ; ಟೆಸ್ಟೋಸ್ಟಿರೋನ್ ಕೊಟ್ಟರೆ ಬರುತ್ತದೆ. ಹೆಣ್ಣಿನ ಮೈಯಲ್ಲೂ ಆ ಹಾರ್ಮೋನು ಕೊಂಚ ಇದ್ದೇ ಇರುತ್ತದೆ. ಅದರ ಮಾತಿಗೆ ಯಾರ ಗ್ರಂಥಿ ಎಷ್ಟು ಜೋರಾಗಿ ಓಗೊಡುತ್ತದೆ ಎಂಬುದು ಹೆಚ್ಚಾಗಿ ತಂದೆತಾಯಿಯಿಂದ ಬಂದ ಬಳುವಳಿ. ಹವೆಯದ್ದೂ ಒಂದು ಕೈ ಇದೆ. ಚರ್ಮದ ಬಿಸಿ 1 ಡಿಗ್ರಿ ಏರಿದರೆ ಹೊರಬರುವ ಎಣ್ಣೆ ಶೇ 10ರಷ್ಟು ಏರುತ್ತದೆಂದು ಬ್ರಿಟನ್ನಿನ ಚರ್ಮತಜ್ಞ ಕನ್ಲಿಫ್ ಮತ್ತು ಸಂಗಡಿಗರು 1970ರಲ್ಲಿ ಕಂಡುಕೊಂಡರು. ಮಡಿಕೇರಿಯಿಂದ ಓದಲು ಮಂಗಳೂರಿಗೆ ಇಳಿದ ಹುಡುಗಿ 'ಇಲ್ಲಿಗೆ ಬಂದ ಮೇಲೆ ಮುಖ ಹಾಳಾಯ್ತು' ಎಂದರೆ ಅದು ನೆವವಲ್ಲ. ಸೆಕೆ, ಬೆವರು, ಜಿಡ್ಡು ಅಲ್ಲಿ ಒಟ್ಟಿಗೇ ಬರುತ್ತವೆ.

ಮೊಡವೆ ಹುಟ್ಟುವುದು ಹೀಗೆ: ಕೂದಲ ಬುಡದ ಕೊಳವೆಯಲ್ಲಿ ಸತ್ತ ಕೋಶಗಳು ಉದುರದೆ ಅಂಟಿಕೊಂಡು ಬಾಯಿ ಕಟ್ಟುತ್ತವೆ. ಹಿಂದೆ ಎಣ್ಣೆ ಶೇಖರವಾಗುತ್ತದೆ. ಅಲ್ಲೇ ವಾಸಿಸುವ ಬ್ಯಾಕ್ಟೀರಿಯಾ ಅದನ್ನು ತಿಂದು ಬೆಳೆಯುತ್ತದೆ, ಉರಿಯೂತ ಏಳುತ್ತದೆ. ಇಂದು ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮೊಡವೆಯ ಬುಡ ಕಟ್ಟಿಕೊಂಡದ್ದು ಹಲವು ವಾರಗಳ ಹಿಂದೆ. ಕಣ್ಣಿಗೆ ಕಾಣದ ಕಟ್ಟು ಬಿಡಿಸುವ ಔಷಧಕ್ಕೂ ಅಷ್ಟೇ ವಾರ ಬೇಕು. ಹತ್ತು ದಿನದ ಗುಣವನ್ನು ನಂಬಬೇಡಿ ಎಂದದ್ದು ಈ ಲೆಕ್ಕದಿಂದ.

ಮನೆಮದ್ದಿನ ಮಾತಿಗೆ ಬಂದರೆ, ನಮ್ಮ ಅಜ್ಜಿಯರು ಹೇಳಿದ ಕಡಲೆಹಿಟ್ಟು, ಹೆಸರುಹಿಟ್ಟು ಸೋಪಿಗಿಂತ ಎಷ್ಟೋ ಮೃದು. ಗಸಗಸ ಉಜ್ಜದಿದ್ದರೆ ಕೇಡಿಲ್ಲ. ಮುಲ್ತಾನಿ ಮಿಟ್ಟಿ ಜಿಡ್ಡು ಹೀರುತ್ತದೆ, ಗ್ರಂಥಿಯನ್ನು ಬದಲಿಸುವುದಿಲ್ಲ. ಭಯವಾಗುವುದು ಲಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟುಗಳದ್ದು. ಚರ್ಮದ ಸಹಜ ಹುಳಿ ಪಿಎಚ್ 5ರ ಆಸುಪಾಸು. ಲಿಂಬೆರಸ 2ರ ಹತ್ತಿರ. ಮೈಗೆ ಹಚ್ಚುವ ಮಾಮೂಲಿ ಸೋಪು 9-10. ಎರಡೂ ಕಡೆಯಿಂದ ಚರ್ಮದ ಬೇಲಿಯನ್ನು ಕಿತ್ತಂತೆ. ಲಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಕಪ್ಪು ಕಲೆಯೇ ಉಳಿಯಬಹುದು. ಹೆಚ್ಚು ತೊಳೆದರೆ ಹೆಚ್ಚು ಎಣ್ಣೆ ಸುರಿಯುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ; ಆದರೆ ಗ್ರಂಥಿ ಸೋಪಿನ ಮಾತು ಕೇಳುವುದಿಲ್ಲ, ಹಾರ್ಮೋನಿನ ಮಾತು ಕೇಳುತ್ತದೆ. ಅತಿಯಾಗಿ ತೊಳೆದಾಗ ಆಗುವ ನಷ್ಟ ಬೇರೆ: ಮೇಲ್ಪದರ ಒಡೆದು, ಒಳಗೆ ಬಿಗಿತ ಮೇಲೆ ಜಿಡ್ಡು ಎರಡೂ ಒಟ್ಟಿಗೆ ಇರುವ ಉರಿಮುಖ.

ಊಟದ ವಿಷಯದಲ್ಲಿ 'ಉಷ್ಣ' ಎಂಬ ಒಂದೇ ಮಾತಿನಲ್ಲಿ ನಾವು ಎಲ್ಲವನ್ನೂ ಮುಗಿಸುತ್ತೇವೆ. ಬೋಂಡಾದ ಎಣ್ಣೆ ಹೊಟ್ಟೆಯಿಂದ ಹಣೆಗೆ ಏರುವುದಿಲ್ಲ. ಸಕ್ಕರೆ, ಮೈದಾ, ಬೇಕರಿ ತಿನಿಸಿನಂತೆ ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವ ಆಹಾರಕ್ಕೂ ಮೊಡವೆಗೂ ನಂಟಿದೆ ಎಂಬುದಕ್ಕೆ ಆಧಾರಗಳಿವೆ. ಹಾಲಿನ ವಿಷಯದಲ್ಲೂ ಕೆಲವರಿಗೆ ಹಾಗೆ. ಜಿಮ್‌ಗೆ ಹೋಗುವ ಹುಡುಗರು ಕುಡಿಯುವ ವೇ ಪ್ರೋಟೀನ್ ಪುಡಿ ಬಂದದ್ದೂ ಹಾಲಿನಿಂದಲೇ. ನೆತ್ತಿಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಗಿಳಿದು ಅಲ್ಲಿ ಸಣ್ಣ ಗುಳ್ಳೆಗಳ ಸಾಲು ಎಬ್ಬಿಸುವುದುಂಟು. ತಲೆಗೆ ಎಣ್ಣೆ ಬಿಡಬೇಕಿಲ್ಲ. ರಾತ್ರಿಯಿಡೀ ಇಟ್ಟುಕೊಳ್ಳದೆ ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ, ತಲೆ ತೊಳೆದ ಮೇಲೆ ಹಣೆಯನ್ನೂ ತೊಳೆದರಾಯಿತು.

ಆರೈಕೆ ನಿಜಕ್ಕೂ ಸರಳ, ಅಷ್ಟೇನೂ ಖರ್ಚಿನದಲ್ಲ. ದಿನಕ್ಕೆ ಎರಡು ಸಲ, ಬೆವರಿದಾಗ ಇನ್ನೊಂದು ಸಲ, ಮೃದುವಾದ ಫೇಸ್‌ವಾಶ್ ಹಾಕಿ ಬೆರಳ ತುದಿಯಿಂದ ತೊಳೆಯಿರಿ. ಸ್ಕ್ರಬ್ ಬೇಡ. ಒರೆಸುವಾಗ ಟವೆಲನ್ನು ಒತ್ತಿ, ಉಜ್ಜಬೇಡಿ. ಜಿಡ್ಡು ಮುಖಕ್ಕೂ ಹಗುರವಾದ, ಎಣ್ಣೆಯಿಲ್ಲದ ಮಾಯಿಶ್ಚರೈಸರ್ ಬೇಕು. ಮೊಡವೆಯ ಔಷಧ ಹಚ್ಚುವವರಿಗಂತೂ ಬೇಕೇ ಬೇಕು. ಹಗಲು ಜೆಲ್ ಬಗೆಯ ಸನ್‌ಸ್ಕ್ರೀನ್. ರಂಧ್ರದ ಕಟ್ಟು ಬಿಡಿಸಲು ಶೇ 2ರವರೆಗಿನ ಸ್ಯಾಲಿಸಿಲಿಕ್ ಆ್ಯಸಿಡ್, ಬ್ಯಾಕ್ಟೀರಿಯಾಕ್ಕೆ ಶೇ 2.5ರ ಬೆಂಜೋಯಿಲ್ ಪೆರಾಕ್ಸೈಡ್ (ಶೇ 10ರದ್ದು ಉರಿಯನ್ನು ಹೆಚ್ಚಿಸುತ್ತದೆಯೇ ಹೊರತು ಗುಣವನ್ನಲ್ಲ, ಬಣ್ಣದ ದಿಂಬಿನ ಬಟ್ಟೆಗೂ ಅದು ಬಿಳಿ ಮಚ್ಚೆ ಹಾಕುತ್ತದೆ). ಅಡಾಪಲೀನ್ ಜೆಲ್ ಬಹಳ ಒಳ್ಳೆಯದು, ಆದರೆ ಡಾಕ್ಟರರನ್ನು ಕೇಳಿ, ರಾತ್ರಿ ಮಾತ್ರ, ಅವರೆಕಾಳಿನಷ್ಟು. ಮೊದಲ ವಾರಗಳಲ್ಲಿ ಮುಖ ಒಣಗಿ ಸಿಪ್ಪೆ ಏಳಬಹುದು, ಮೊಡವೆ ಒಮ್ಮೆ ಹೆಚ್ಚಿದಂತೆಯೂ ಕಾಣಬಹುದು. ಎಂಟು ಹನ್ನೆರಡು ವಾರ ಕಾಯಬೇಕು. ಗರ್ಭಿಣಿಯರು, ಗರ್ಭ ಬಯಸುವವರು ಅಡಾಪಲೀನ್ ಮುಟ್ಟಬಾರದು. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗುಳಿಗೆಯಂತೂ ಹುಟ್ಟುವ ಮಗುವಿಗೆ ಭೀಕರ ಅಂಗಹಾನಿ ಮಾಡಬಲ್ಲದು. ಗೆಳತಿಯ ಚೀಟಿ ತೋರಿಸಿ ಕೊಳ್ಳುವ ಔಷಧ ಅದಲ್ಲ. ಆನ್‌ಲೈನಿನಲ್ಲಿ ಐದು ಸೀರಮ್ ಒಟ್ಟಿಗೆ ತರಿಸಿ ಐದನ್ನೂ ಒಂದೇ ವಾರದಲ್ಲಿ ಹಚ್ಚುವ ಹತ್ತು ಹನ್ನೆರಡರ ಮಕ್ಕಳೂ ಈಗ ಇದ್ದಾರೆ. ಆ ವಯಸ್ಸಿಗೆ ತಣ್ಣೀರು, ಮೃದು ಫೇಸ್‌ವಾಶ್, ಸನ್‌ಸ್ಕ್ರೀನ್ ಸಾಕು.

ನಮ್ಮಂಥ ಕಂದು ಚರ್ಮದವರಿಗೆ ಮೊಡವೆಗಿಂತ ಮೊಡವೆ ಬಿಟ್ಟುಹೋದ ಕಪ್ಪು ಕಲೆ ಹೆಚ್ಚು ನೋವು ಕೊಡುತ್ತದೆ. ಚಿವುಟಿದರೆ ಕಲೆ ಇನ್ನಷ್ಟು ಆಳ. ಕಲೆ ತಾನಾಗಿಯೇ ಮಾಸಲು ತಿಂಗಳುಗಳು ಬೇಕು. ಮದುವೆ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ ಅಷ್ಟು ತಾಳ್ಮೆ ಇರುವುದಿಲ್ಲ. ಅಲ್ಲಿಂದ ದಾರಿ ನೇರ ಬಿಳುಪಿನ ಕ್ರೀಮಿಗೆ. ಹೆಸರು ವಿಳಾಸವಿಲ್ಲದ ಡಬ್ಬಿಗಳು ಪಾರ್ಲರಿನಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ, ಗಲ್ಫ್‌ನಿಂದ ಬರುವವರ ಸೂಟ್‌ಕೇಸಿನಲ್ಲಿ ಬರುತ್ತವೆ. ನಮ್ಮ ಕರಾವಳಿಯಿಂದ ದೂರವಲ್ಲದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಮೂತ್ರಪಿಂಡ ತಜ್ಞರು 2023ರಲ್ಲಿ ವರದಿ ಮಾಡಿದ್ದನ್ನು ಪ್ರತಿ ಮನೆಯೂ ತಿಳಿದಿರಬೇಕು. ಕಾಲು ಊದಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದ 22 ರೋಗಿಗಳಲ್ಲಿ 15 ಮಂದಿಗೆ ಒಂದು ಅಪರೂಪದ ಬಗೆಯ ಮೂತ್ರಪಿಂಡ ರೋಗವಿತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದರು. ಕ್ರೀಮುಗಳಲ್ಲಿ ಪಾದರಸ ಸಿಕ್ಕಿತು. ಪ್ರಸಾಧನದಲ್ಲಿ ಅರಿವಿಲ್ಲದೆ ಸೇರಿರಬಹುದಾದ ಪಾದರಸಕ್ಕೆ ನಮ್ಮ ಕಾನೂನು ಕೊಟ್ಟ ಮಿತಿ ದಶಲಕ್ಷಕ್ಕೆ 1 ಪಾಲು ಮಾತ್ರ. ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂದು ಅಂಗಡಿಗಳಿಗೆ ದಾಳಿಯಿಟ್ಟಿತು. ಮಂಗಳೂರು, ಭಟ್ಕಳ, ಕಲಬುರಗಿ, ಬೆಂಗಳೂರಿನ ಮಾರುಕಟ್ಟೆಗಳಲ್ಲೂ ಅಂಥ ತಪಾಸಣೆ ಎಡೆಬಿಡದೆ ನಡೆಯಬೇಕು. ಯಾರದೋ ಮೂತ್ರಪಿಂಡ ಸೋಲುವವರೆಗೆ ಕಾಯುವುದು ಬೇಡ.

ಕೆಲವೊಮ್ಮೆ ಜಿಡ್ಡು ಮುಖವೇ ಎಚ್ಚರಿಕೆಯ ಚೀಟಿ ಹಿಡಿದು ನಿಂತಿರುತ್ತದೆ. ಗಲ್ಲ ದವಡೆಗಳಲ್ಲಿ ಹಟಮಾರಿ ಮೊಡವೆ, ಜೊತೆಗೆ ತಿಂಗಳ ಮುಟ್ಟು ತಪ್ಪುವುದು, ಮೀಸೆ ಗಡ್ಡದ ಜಾಗದಲ್ಲಿ ಒರಟು ಕೂದಲು, ನೆತ್ತಿಯ ಕೂದಲು ತೆಳುವಾಗುವುದು: ಇವು ಸೇರಿದರೆ ಪಿಸಿಓಎಸ್ ಎಂಬ ಹಾರ್ಮೋನಿನ ಏರುಪೇರು ಇದೆಯೇ ಎಂದು ನೋಡಿಸಬೇಕು, ಮುಲಾಮು ಬದಲಿಸುತ್ತಾ ಕೂರಬಾರದು. ಗಟ್ಟುಮುಟ್ಟಾಗಲು ಜಿಮ್ ಸೇರಿದ ಹುಡುಗನ ಎದೆ ಬೆನ್ನಿನ ತುಂಬ ಇದ್ದಕ್ಕಿದ್ದಂತೆ ಗಂಟುಮೊಡವೆ ಎದ್ದರೆ ಅವನಿಗೆ ಯಾರಾದರೂ ಸ್ನಾಯು ಬೆಳೆಸುವ ಬೇರೆ ಬಗೆಯ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟಿದ್ದಾರೆಯೇ ಎಂದು ಅಪ್ಪನೋ ಅಣ್ಣನೋ ಗದರದೆ ಕೇಳಬೇಕು. ಹಣೆ, ಎದೆಯಲ್ಲಿ ಒಂದೇ ಅಳತೆಯ, ತುರಿಸುವ ಗುಳ್ಳೆಗಳಾದರೆ ಅದು ಮೊಡವೆಯೇ ಅಲ್ಲದೆ ಶಿಲೀಂಧ್ರವಾಗಿರಬಹುದು. ಆ್ಯಂಟಿಬಯೋಟಿಕ್ ಅದನ್ನು ಹೆಚ್ಚಿಸುತ್ತದೆ. ನೋವಿನ ಗಂಟುಗಳು, ಕುಳಿ ಬೀಳುತ್ತಿರುವ ಕೆನ್ನೆ ಕಂಡರೆ ತಡಮಾಡಬೇಡಿ. ಕಪ್ಪು ಕಲೆ ಮಾಸುತ್ತದೆ, ಕುಳಿ ಮಾಸುವುದಿಲ್ಲ. 'ಪ್ರಾಯದ ಮೊಡವೆ, ಮದುವೆಯಾದರೆ ಹೋಗುತ್ತೆ' ಎಂಬ ಮಾತಿಗೆ ಎಷ್ಟೋ ಮುಖಗಳು ಬೆಲೆ ತೆತ್ತಿವೆ.

ಸರ್ಕಾರ ಮಾಡಬೇಕಾದದ್ದೂ ಇದೆ. ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ಮೆಡಿಕಲ್ ಶಾಪುಗಳ ತಪಾಸಣೆಗೆ ಹೋದಾಗ ನಿದ್ದೆಗುಳಿಗೆಯ ಲೆಕ್ಕ ಕೇಳುವಷ್ಟೇ ಗಂಭೀರವಾಗಿ ಸ್ಟೆರಾಯ್ಡ್ ಮುಲಾಮಿನ ಲೆಕ್ಕವನ್ನೂ ಕೇಳಲಿ. 'ಮುಖಕ್ಕೆ ಹಚ್ಚಬೇಡಿ, ವೈದ್ಯರ ಚೀಟಿ ಬೇಕು' ಎಂಬ ಐದು ಪದ ಕನ್ನಡದಲ್ಲಿ, ಓದುವಷ್ಟು ದಪ್ಪ ಅಕ್ಷರದಲ್ಲಿ ಆ ಟ್ಯೂಬಿನ ಡಬ್ಬಿಯ ಮೇಲೆ ಬರಲಿ. ಪಿಯು ಕಾಲೇಜುಗಳಲ್ಲಿ ಒಂದು ಮಧ್ಯಾಹ್ನ ಚರ್ಮತಜ್ಞರೊಬ್ಬರು ಬಂದು ಮಾತಾಡಲಿ. ನಾಚಿಕೆ ಕರಗಲು ಅದು ಬೇಕು. ಇನ್ನೊಂದು ಸಣ್ಣ ವಿಷಯ, ನನ್ನ ಮಟ್ಟಿಗೆ ಸಣ್ಣದಲ್ಲ: ಸರ್ಕಾರಿ ಆಸ್ಪತ್ರೆಗಳಲ್ಲಿ ಮೊಡವೆ ನೋಡುವ ವಿಭಾಗದ ಬಾಗಿಲಿಗೆ ಚರ್ಮರೋಗ, ಲೈಂಗಿಕ ರೋಗ, ಕುಷ್ಠರೋಗ ಎಂದು ಮೂರೂ ಹೆಸರಿನ ಬೋರ್ಡು ಇರುತ್ತದೆ. ಆ ಮೂರೂ ರೋಗಗಳಲ್ಲಿ ನಾಚಿಕೆಪಡುವಂಥದ್ದು ಯಾವುದೂ ಇಲ್ಲ. ಆದರೂ ಹದಿನೇಳರ ಹುಡುಗಿ ಆ ಬೋರ್ಡಿನ ಕೆಳಗೆ ಸಾಲಿನಲ್ಲಿ ನಿಲ್ಲಲು ಹಿಂಜರಿಯುತ್ತಾಳೆ, ತಾಯಿಯೂ ಹಿಂಜರಿಯುತ್ತಾಳೆ, ಇಬ್ಬರೂ ಮೆಡಿಕಲ್ ಶಾಪಿನ ಕಡೆ ತಿರುಗುತ್ತಾರೆ. ಹದಿಹರೆಯದವರ ಚರ್ಮ ಆರೈಕೆಗೆಂದು ವಾರಕ್ಕೆ ಒಂದು ದಿನ, ಒಂದು ಬೇರೆ ಕೋಣೆ ಕೊಟ್ಟರೆ ಖರ್ಚೇನೂ ಹೆಚ್ಚಲ್ಲ.

ಇವತ್ತು ಸಂಜೆ ಮನೆಯ ಕನ್ನಡಿ ಸ್ಟ್ಯಾಂಡಿನಲ್ಲಿ, ಮಗಳ ಮೇಜಿನ ಡ್ರಾಯರಿನಲ್ಲಿ, ಮಗನ ಬ್ಯಾಗಿನಲ್ಲಿ ಇರುವ ಟ್ಯೂಬುಗಳನ್ನು ಅವರ ಜೊತೆಗೇ ಕೂತು ಓದಿ. ಅಕ್ಷರ ಸಣ್ಣದಾದರೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ. ಹೆಸರಿನ ಕೊನೆಯಲ್ಲಿ 'ಸೋನ್' ಎಂದಿದೆಯೇ, ಕ್ಲೋಬೆಟಾಸಾಲ್ ಎಂದಿದೆಯೇ ನೋಡಿ. ನಾಲ್ಕು ದಿನದಿಂದ ಹಚ್ಚುತ್ತಿದ್ದರೆ ಇವತ್ತೇ ನಿಲ್ಲಿಸಿ. ತಿಂಗಳುಗಳಿಂದ ಹಚ್ಚುತ್ತಿದ್ದರೆ ಥಟ್ಟನೆ ಬಿಟ್ಟಾಗ ಏಳುವ ಉರಿಗೆ ಹೆದರಿ ಮತ್ತೆ ಅದರ ಮೊರೆಹೋಗುವ ಅಪಾಯವಿದೆ. ಹಂತಹಂತವಾಗಿ ಬಿಡಿಸುವ ದಾರಿ ಚರ್ಮತಜ್ಞರಿಗೆ ಗೊತ್ತು, ಈ ವಾರವೇ ಹೋಗಿ. ಬೈಸಿಕೊಳ್ಳುವ ಭಯಕ್ಕೆ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ. ಖಾಲಿಯಾಗಿದ್ದರೂ ಸರಿ, ಹಿಂಡಿ ಮುದುರಿಹೋಗಿದ್ದರೂ ಸರಿ, ಕೈಯಲ್ಲಿ ಹಿಡಿದುಕೊಂಡೇ ಹೋಗಿ ಡಾಕ್ಟರ ಮೇಜಿನ ಮೇಲೆ ಇಡಿ.